ನಾಲ್ಕು ತಿಂಗಳ ಮಗುವಿನ ಬಿಗಿ ಮುಷ್ಟಿ: ಹುಟ್ಟಿದಾಗ ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದ ಮಕ್ಕಳಿಗೆ ಮುಂದೇನಾಗುತ್ತದೆ?

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ ಈಗ ನಾಲ್ಕು ತಿಂಗಳು. ದಿನ ತುಂಬಿಯೇ ಹುಟ್ಟಿದ. ಎರಡನೇ ದಿನ ಬಲಗೈ ಒಂದೇ ಸಮನೆ ಅದುರಲು ಶುರುವಾಯಿತು. ಫಿಟ್ಸ್ ಅಂದರು, ಐಸಿಯುಗೆ ಹಾಕಿದರು. ಮೆದುಳಿನ ಎಡಭಾಗದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆಗಿದೆ ಅಂತ ಎಂಆರ್‌ಐನಲ್ಲಿ ಬಂತು. ಈಗ ಫಿಟ್ಸ್ ಇಲ್ಲ, ಔಷಧಿಯೂ ನಿಂತಿದೆ. ನಗುತ್ತಾನೆ, ಹಾಲು ಚೆನ್ನಾಗಿ ಕುಡಿಯುತ್ತಾನೆ. ಆದರೆ ಬಲಗೈ ಮುಷ್ಟಿ ಹೆಚ್ಚು ಹೊತ್ತು ಬಿಗಿಯಾಗಿಯೇ ಇರುತ್ತದೆ ಅಂತ ನನಗೆ ಅನ್ನಿಸುತ್ತದೆ. ಮನೆಯಲ್ಲಿ ‘ಸುಮ್ನೆ ಏನೇನೋ ಕಲ್ಪಿಸಿಕೊಳ್ತೀಯ’ ಅನ್ನುತ್ತಾರೆ. ಮುಂದೆ ನಡೆಯುತ್ತಾನಾ, ಮಾತಾಡುತ್ತಾನಾ, ಓದುತ್ತಾನಾ ಅಂತ ಆಸ್ಪತ್ರೆಯಲ್ಲಿ ಕೇಳಿದರೆ ‘ಕಾದು ನೋಡಬೇಕು’ ಅನ್ನುತ್ತಾರೆ. ಪರಿಚಯದವರ ಮಗುವಿಗೂ ಹೀಗೇ ಹೆಪ್ಪುಗಟ್ಟಿತ್ತು, ಅದಕ್ಕೆ ಮೂರು ತಿಂಗಳು ಇಂಜೆಕ್ಷನ್ ಕೊಟ್ಟರಂತೆ. ನಮಗೆ ಯಾಕೆ ಕೊಡಲಿಲ್ಲ? ಗರ್ಭಿಣಿಯಾಗಿದ್ದಾಗ ನಾನೇನಾದರೂ ತಪ್ಪು ಮಾಡಿದೆನಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಒಳಗೆ ಕೊರೆಯುತ್ತಿದ್ದರೆ ನಾನು ಹೇಳುವ ಬೇರೆ ಯಾವ ಮಾತೂ ನಿಮ್ಮ ಕಿವಿಗೆ ಬೀಳುವುದಿಲ್ಲ. ಇಲ್ಲ, ನೀವು ಯಾವ ತಪ್ಪನ್ನೂ ಮಾಡಿಲ್ಲ. ತಿಂದದ್ದು, ಮಲಗಿದ ಭಂಗಿ, ಮೆಟ್ಟಿಲು ಹತ್ತಿದ್ದು, ಅತ್ತದ್ದು, ಯಾವುದರಿಂದಲೂ ಇದು ಬರುವುದಿಲ್ಲ.

ಆಗಿರಬಹುದಾದದ್ದು ಇದು. ಹೆರಿಗೆ ಹತ್ತಿರವಾದಂತೆ ತಾಯಿಯ ರಕ್ತ ಬೇಗ ಹೆಪ್ಪುಗಟ್ಟತೊಡಗುತ್ತದೆ. ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋಗದಿರಲಿ ಅಂತ ದೇಹ ಮಾಡಿಕೊಳ್ಳುವ ಏರ್ಪಾಡು ಅದು. ಹುಟ್ಟುವ ಹೊತ್ತಿಗೆ ಮಗುವಿನ ರಕ್ತವೂ ಸ್ವಲ್ಪ ಗಟ್ಟಿಯಾಗಿಯೇ ಇರುತ್ತದೆ. ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ, ಒಂದು ಸಣ್ಣ ಹೆಪ್ಪು ಕಟ್ಟಿ ಹೊಕ್ಕುಳಬಳ್ಳಿಯ ಮೂಲಕ ಮಗುವಿನ ಹೃದಯದ ಬಲಭಾಗಕ್ಕೆ ಬಂತು ಅಂದುಕೊಳ್ಳಿ. ದೊಡ್ಡವರಲ್ಲಾದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆಯೊಳಗಿನ ಮಗು ಶ್ವಾಸಕೋಶದಿಂದ ಉಸಿರಾಡುವುದಿಲ್ಲವಲ್ಲ, ಹಾಗಾಗಿ ಅದರ ಹೃದಯದ ಬಲ ಮತ್ತು ಎಡ ಕೋಣೆಗಳ ನಡುವೆ ಒಂದು ಕಿಂಡಿ ತೆರೆದಿರುತ್ತದೆ. ಹೆಪ್ಪು ಆ ಕಿಂಡಿಯಲ್ಲಿ ನುಸುಳಿ ನೇರ ಮೆದುಳಿಗೆ ಏರಿಬಿಡಬಹುದು. ಹೀಗೆ ಹೋಗುವ ಹೆಪ್ಪು ಬಲಕ್ಕಿಂತ ಎಡ ಮೆದುಳಿಗೇ ಹೆಚ್ಚು ಸಲ ಹೋಗುತ್ತದೆ, ನಿಮ್ಮ ಮಗನಿಗೆ ಆದ ಹಾಗೆ. ಎರಡನೇ ದಿನ ಫಿಟ್ಸ್ ಬರುವ ಹೊತ್ತಿಗೆ ಮಾಸನ್ನು ಎಂದೋ ಎಸೆದಾಗಿರುತ್ತದೆ. ಹಾಗಾಗಿ ಸಾಕ್ಷಿ ಹಿಡಿದು ತೋರಿಸಲು ಆಗುವುದೇ ಅಪರೂಪ. ಚೊಚ್ಚಲ ಹೆರಿಗೆ, ತಾಯಿಗೆ ಬಿಪಿ, ಸೋಂಕು, ತುಂಬಾ ಹೊತ್ತು ಎಳೆದ ಹೆರಿಗೆ, ಇಂಥವು ಜೊತೆಗಿದ್ದರೆ ಸಾಧ್ಯತೆ ಸ್ವಲ್ಪ ಏರುತ್ತದೆ. ಇವುಗಳಲ್ಲಿ ಯಾವುದು ತಾಯಿಯ ತಪ್ಪು, ಹೇಳಿ? ದಿನ ತುಂಬಿ ಹುಟ್ಟುವ ಸುಮಾರು 2,500ರಿಂದ 4,000 ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ. ನೀವು ಅಂದುಕೊಂಡಷ್ಟು ಅಪರೂಪವಲ್ಲ.

ಈಗ ಇಂಜೆಕ್ಷನ್ ವಿಷಯ. ಮೆದುಳಿಗೆ ರಕ್ತ ತರುವ ಕೊಳವೆಗಳು ಬೇರೆ, ವಾಪಸ್ ಒಯ್ಯುವ ಕೊಳವೆಗಳು ಬೇರೆ. ನಿಮ್ಮ ಮಗನಿಗೆ ಕಟ್ಟಿಕೊಂಡದ್ದು ತರುವ ಕೊಳವೆ. ಹೆಪ್ಪು ಬಂದು ಸಿಕ್ಕಿಕೊಂಡಿತು, ಅದರಾಚೆಯ ಜಾಗಕ್ಕೆ ರಕ್ತ ಸಿಗಲಿಲ್ಲ, ಪೆಟ್ಟಾಯಿತು. ಅಷ್ಟಕ್ಕೆ ಆ ಘಟನೆ ಮುಗಿಯಿತು. ಪತ್ತೆಯಾಗುವ ಹೊತ್ತಿಗೆ ಹೆಪ್ಪು ತಾನಾಗಿ ಕರಗಿರುವುದೂ ಉಂಟು. ಹೃದಯದಲ್ಲಿ ದೋಷವಿಲ್ಲದ ಮಗುವಿಗೆ ಮತ್ತೆ ಹೀಗಾಗುವ ಸಾಧ್ಯತೆ ನೂರಕ್ಕೆ ಒಂದರ ಆಸುಪಾಸು. ಅಷ್ಟಕ್ಕಾಗಿ ರಕ್ತ ತೆಳುವಾಗಿಸುವ ಮದ್ದು ಕೊಟ್ಟು ರಕ್ತಸ್ರಾವದ ಅಪಾಯ ತರುವುದರಲ್ಲಿ ಅರ್ಥವಿಲ್ಲ. ನಿಮ್ಮ ಡಾಕ್ಟರು ಮಾಡಿದ್ದು ಸರಿ.

ಪರಿಚಯದವರ ಮಗುವಿಗೆ ಬಹುಶಃ ಕಟ್ಟಿಕೊಂಡದ್ದು ವಾಪಸ್ ಒಯ್ಯುವ ಕೊಳವೆ. ಅವನ್ನು ಸೈನಸ್ ಅನ್ನುತ್ತೇವೆ. ಮೂಗಿನ ಸೈನಸ್ಸಿಗೂ ಇದಕ್ಕೂ ಸಂಬಂಧವಿಲ್ಲ, ಹೆಸರು ಮಾತ್ರ ಒಂದೇ. ಇದು ಮೊದಲನೆಯದಕ್ಕಿಂತ ಅಪರೂಪ. ಸೋಂಕು, ನೀರಿನಂಶ ಕಡಿಮೆಯಾಗುವುದು, ಹೃದಯದ ತೊಂದರೆ, ಹೀಗೆ ಬೇರೆ ಕಾಯಿಲೆ ಇರುವ ಮಕ್ಕಳಲ್ಲಿ ಹೆಚ್ಚು. ಬಚ್ಚಲಿನ ಕೊಳವೆ ಕಟ್ಟಿದರೆ ನೀರು ಹಿಂದಕ್ಕೆ ಉಕ್ಕುತ್ತದಲ್ಲ, ಇಲ್ಲೂ ಹಾಗೇ. ರಕ್ತ ಹಿಂದೆ ನಿಂತು ಒತ್ತಡ ಏರುತ್ತದೆ, ಕೆಲವೊಮ್ಮೆ ಒಳಗೇ ಸೋರುತ್ತದೆ. ಈ ಹೆಪ್ಪು ಒಂದೆಡೆ ನಿಲ್ಲದೆ ದಿನದಿಂದ ದಿನಕ್ಕೆ ಉದ್ದವಾಗುತ್ತಾ ಹೋಗಬಹುದು. ಅದನ್ನು ತಡೆಯಲು ಹೆಪಾರಿನ್ ಜಾತಿಯ ಇಂಜೆಕ್ಷನ್ನನ್ನು ಆರು ವಾರದಿಂದ ಮೂರು ತಿಂಗಳು ಕೊಡುವುದುಂಟು. ರಕ್ತ ಆಗಲೇ ಸೋರಿದ್ದರೆ ಕೊಡಬೇಕೋ ಬೇಡವೋ ಅನ್ನುವುದರಲ್ಲಿ ಡಾಕ್ಟರುಗಳಲ್ಲೇ ಒಮ್ಮತವಿಲ್ಲ. ಇಂಜೆಕ್ಷನ್ ಕೊಡದೆ ಐದಾರು ದಿನ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ನೋಡುವವರೂ ಇದ್ದಾರೆ. ಎರಡು ಕಾಯಿಲೆಗಳೂ ಹೆಪ್ಪಿನವೇ, ಆದರೆ ನಡತೆ ಬೇರೆ. ಆ ಮಗುವಿನ ಕಥೆಯನ್ನು ನಿಮ್ಮ ಮಗನಿಗೆ ಹೋಲಿಸಬೇಡಿ.

ಇನ್ನು ‘ಕಾದು ನೋಡಿ’. ಈ ಮಾತನ್ನು ನಾನೂ ವರ್ಷಗಟ್ಟಲೆ ಹೇಳಿದ್ದೇನೆ. ಸುಳ್ಳೇನಲ್ಲ, ಆದರೆ ಅರ್ಧ ಮಾತು. ಏನನ್ನು ನೋಡಬೇಕು, ಎಷ್ಟು ತಿಂಗಳಿಗೆ ನೋಡಬೇಕು ಅಂತ ಹೇಳದೆ ಕಳಿಸಿದರೆ ತಂದೆತಾಯಿ ಬರೀ ಕಾಯುತ್ತಾರೆ. ಮೆದುಳಿನ ಒಂದೊಂದು ಕೆಲಸ ಒಂದೊಂದು ವಯಸ್ಸಿಗೆ ಕೆಲಸಕ್ಕೆ ಹಾಜರಾಗುತ್ತದೆ. ಪೆಟ್ಟಾದದ್ದು ಹುಟ್ಟುವ ಆಸುಪಾಸಿನಲ್ಲೇ ಆದರೂ, ಆ ಜಾಗದ ಕೆಲಸ ಶುರುವಾಗುವ ವಯಸ್ಸು ಬರುವವರೆಗೆ ಕೊರತೆ ಕಾಣುವುದಿಲ್ಲ. ಕೈಯ ಕೊರತೆ ನಾಲ್ಕೈದು ತಿಂಗಳಿಗೆ ಕಾಣುತ್ತದೆ, ಮಾತಿನದು ಮೂರು ವರ್ಷಕ್ಕೆ, ಲೆಕ್ಕದ್ದು ಎಂಟು ವರ್ಷಕ್ಕೆ. ಹಾಗಾಗಿ ನಿಮಗೆ ಬೇಕಾದದ್ದು ಒಂದು ವೇಳಾಪಟ್ಟಿ.

ಅದಕ್ಕೆ ಮೊದಲು ಆ ಹಳೇ ಎಂಆರ್‌ಐ ರಿಪೋರ್ಟ್ ತೆಗೆಯಿರಿ. ಹೆಪ್ಪಿನ ಹೆಸರಿಗಿಂತ ಪೆಟ್ಟು ಎಲ್ಲೆಲ್ಲಿ ತಾಗಿದೆ ಅನ್ನುವುದು ಮುಖ್ಯ. ನಿಮ್ಮ ನರರೋಗ ತಜ್ಞರಿಗೆ ಒಂದೇ ಪ್ರಶ್ನೆ ಕೇಳಿ: ‘ಮೇಲ್ಪದರ, ಒಳಗಿನ ಬೇಸಲ್ ಗ್ಯಾಂಗ್ಲಿಯಾ, ಇಂಟರ್ನಲ್ ಕ್ಯಾಪ್ಸೂಲಿನ ಹಿಂಭಾಗ, ಈ ಮೂರರಲ್ಲಿ ಎಷ್ಟಕ್ಕೆ ತಾಗಿದೆ?’ ಎರಡನೆಯದು ಮೆದುಳಿನ ಆಳದಲ್ಲಿ ಚಲನೆಯನ್ನು ಹತೋಟಿಯಲ್ಲಿಡುವ ಭಾಗ. ಮೂರನೆಯದು ಮೆದುಳಿನಿಂದ ಬೆನ್ನುಹುರಿಗೆ ಇಳಿಯುವ ನರತಂತುಗಳ ಕಟ್ಟು ಹಾದುಹೋಗುವ ಇಕ್ಕಟ್ಟಾದ ಓಣಿ. ಕೈಕಾಲಿಗೆ ಅಪ್ಪಣೆ ಹೋಗುವುದು ಅಲ್ಲಿಂದಲೇ. ಮೂರಕ್ಕೂ ತಾಗಿದ್ದರೆ ಎದುರು ಬದಿಯ ಕೈಕಾಲಿನಲ್ಲಿ ನಿಶ್ಶಕ್ತಿ, ಬಿಗಿತ, ಅಂದರೆ ಹೆಮಿಪ್ಲೀಜಿಯಾ, ಬರುವ ಸಾಧ್ಯತೆ ತುಂಬಾ ಹೆಚ್ಚು. ಮೇಲ್ಪದರದಲ್ಲಿ ಮಾತ್ರ ಇದ್ದರೆ, ಕಲೆ ನೋಡಲು ದೊಡ್ಡದಾಗಿದ್ದರೂ, ಕೈಕಾಲು ಬಚಾವಾಗುವುದೇ ಜಾಸ್ತಿ. ಫಿಲ್ಮಿನಲ್ಲಿ ಇಷ್ಟು ದೊಡ್ಡ ಕಪ್ಪು ಕಲೆ ಇದೆಯಲ್ಲ ಅಂತ ಎದೆ ಒಡೆದುಕೊಂಡು ಬಂದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮೊದಲ ವಾರದೊಳಗೆ ತೆಗೆದ ಸ್ಕ್ಯಾನ್ ಆದರೆ ಆ ಓಣಿಯಿಂದ ಕೆಳಗೆ ತಂತುಗಳಿಗೂ ಪೆಟ್ಟು ಇಳಿದಿದೆಯಾ ಅನ್ನುವುದೂ ಕಾಣುತ್ತದೆ. ನಿಮ್ಮದು ಎಷ್ಟನೇ ದಿನ ತೆಗೆದದ್ದು ಅಂತ ನೋಡಿಕೊಳ್ಳಿ.

ಈಗ ಆ ಮುಷ್ಟಿ. ನಿಮಗೆ ಅನ್ನಿಸಿದ್ದನ್ನು ನಾನು ಕಲ್ಪನೆ ಅನ್ನುವುದಿಲ್ಲ. ಸ್ಟ್ರೋಕ್ ಆದ ಮಗುವಿನ ಕೈಯನ್ನು ದಿನಕ್ಕೆ ನೂರು ಸಲ ನೋಡುವ ತಾಯಿ ‘ಏನೋ ಬೇರೆ’ ಅಂದಾಗ, ನನ್ನ ಅನುಭವದಲ್ಲಿ, ಬಹುತೇಕ ಸಲ ಅವರ ಮಾತೇ ಸರಿ. ಹುಟ್ಟಿದ ಮಕ್ಕಳೆಲ್ಲಾ ಮುಷ್ಟಿ ಕಟ್ಟುತ್ತವೆ. ಮೂರು ತಿಂಗಳು ದಾಟಿದ ಮೇಲೆ ಎರಡೂ ಕೈ ಹೆಚ್ಚಿನ ಹೊತ್ತು ಬಿಚ್ಚಿಕೊಂಡಿರಬೇಕು. ಒಂದು ಬಿಚ್ಚಿ ಒಂದು ಕಟ್ಟಿದ್ದರೆ, ಅದರಲ್ಲೂ ಹೆಬ್ಬೆರಳು ಬೆರಳುಗಳ ಒಳಗೆ ಸೇರಿಕೊಂಡಿದ್ದರೆ, ತೋರಿಸಲೇಬೇಕು.

ನಾನು ಪರೀಕ್ಷೆ ಮಾಡುವಾಗ ಏನು ಮಾಡುತ್ತೇನೆ ಹೇಳುತ್ತೇನೆ, ನೀವು ಮನೆಯಲ್ಲೂ ನೋಡಬಹುದು. ಮಗುವನ್ನು ಅಂಗಾತ ಮಲಗಿಸಿ, ಎದೆಯ ನೇರಕ್ಕೆ ಗಿಲಕಿ ಹಿಡಿಯುತ್ತೇನೆ. ಎರಡೂ ಕೈ ಮೇಲೆದ್ದು ಬರುತ್ತವಾ? ಆಮೇಲೆ ಗಿಲಕಿಯನ್ನು ಬಲಗಡೆಗೆ ಸರಿಸುತ್ತೇನೆ. ಐದಾರು ತಿಂಗಳ ಮಗು ಬಲಗಡೆ ಇರುವುದನ್ನು ಬಲಗೈಯಿಂದಲೇ ಹಿಡಿಯಬೇಕು. ಬಲಗೈ ಹೆಗಲ ಹತ್ತಿರವೇ ಕುಳಿತು, ಎಡಗೈ ಎದೆ ದಾಟಿ ಅಷ್ಟು ದೂರ ಹೋಗಿ ಗಿಲಕಿ ಹಿಡಿದರೆ, ನನಗೆ ಬೇಕಾದ ಉತ್ತರ ಸಿಕ್ಕಿತು. ಆಮೇಲೆ ಮುಖದ ಮೇಲೆ ಒಂದು ತೆಳ್ಳನೆ ಬಟ್ಟೆ ಹಾಕಿ ಯಾವ ಕೈಯಲ್ಲಿ ಎಳೆದು ಹಾಕುತ್ತದೆ ಅಂತ ನೋಡುತ್ತೇನೆ. ಒಂದು ಸಲಕ್ಕೆ ತೀರ್ಮಾನ ಬೇಡ, ಬೇರೆ ಬೇರೆ ದಿನ ನಾಲ್ಕೈದು ಸಲ ನೋಡಿ.

ಆಗ ಮನೆಯವರು ‘ಇವನು ಎಡಚ’ ಅನ್ನುತ್ತಾರೆ. ಅಜ್ಜನೂ ಎಡಚ, ಮಾವನೂ ಎಡಚ, ಹೀಗೆ ವಂಶಾವಳಿಯೇ ಹೊರಗೆ ಬರುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಎಡಚತನ, ಬಲಚತನ ಎರಡೂ ಇರಬಾರದು. ಅಷ್ಟು ಬೇಗ ಒಂದು ಕೈಯನ್ನು ಆರಿಸಿಕೊಂಡಿದೆ ಅಂದರೆ ಇನ್ನೊಂದು ಕೈಯಲ್ಲಿ ಏನೋ ತೊಂದರೆ ಇದೆ ಅಂತಲೇ ಲೆಕ್ಕ. ಹುಟ್ಟಿದಾಗ ಫಿಟ್ಸ್ ಬರದೆ, ಸ್ಟ್ರೋಕ್ ಆದದ್ದೇ ಗೊತ್ತಾಗದ ಎಷ್ಟೋ ಮಕ್ಕಳು ನಮ್ಮ ಹತ್ತಿರ ಬರುವುದು ಈ ‘ಎಡಚ’ ಅನ್ನುವ ಕಾರಣಕ್ಕೇ. ನಿಮಗೆ ಮೊದಲೇ ಗೊತ್ತಿರುವುದು ಒಂದು ರೀತಿಯಲ್ಲಿ ಅದೃಷ್ಟ.

ಯಾಕೆ ಅದೃಷ್ಟ ಅಂದರೆ, ಕೈಯ ವಿಷಯದಲ್ಲಿ ಈ ಮೊದಲ ಒಂದೆರಡು ವರ್ಷ ತುಂಬಾ ಬೆಲೆಬಾಳುತ್ತದೆ. ಹುಟ್ಟಿದಾಗ ಮೆದುಳಿನ ಪ್ರತಿ ಬದಿಯಿಂದಲೂ ಎರಡೂ ಕೈಗಳಿಗೆ ತಂತುಗಳು ಹೋಗಿರುತ್ತವೆ. ಆಮೇಲೆ ಪೈಪೋಟಿ ನಡೆಯುತ್ತದೆ. ಎದುರು ಬದಿಯಿಂದ ಬಂದ ತಂತುಗಳು ಗೆದ್ದು ನೆಲೆ ನಿಲ್ಲುತ್ತವೆ, ಅದೇ ಬದಿಯವು ಹಿಂದೆ ಸರಿಯುತ್ತವೆ. ಪೆಟ್ಟಾದ ಬದಿಯಲ್ಲಿ ಉಳಿದ ತಂತುಗಳು ಸುಸ್ತಾಗಿ ಕೂತರೆ, ಆರೋಗ್ಯವಾಗಿರುವ ಬದಿಯ ತಂತುಗಳು ಎರಡೂ ಕೈಗಳನ್ನು ವಶಮಾಡಿಕೊಂಡುಬಿಡುತ್ತವೆ. ಹಾಗಾದ ಕೈ ಚುರುಕಾಗಿ ಕೆಲಸ ಮಾಡುವುದು ಕಷ್ಟ. ಉಳಿದ ತಂತುಗಳು ಪೈಪೋಟಿಯಲ್ಲಿ ಉಳಿಯಬೇಕಾದರೆ ಆ ಕೈ ಕೆಲಸ ಮಾಡುತ್ತಿರಬೇಕು. ಅದಕ್ಕೇ ‘ಒಂದು ವರ್ಷ ಆಗಲಿ, ಆಮೇಲೆ ಥೆರಪಿ ನೋಡೋಣ’ ಅನ್ನುವ ಮಾತು ನನಗೆ ಸಿಟ್ಟು ತರಿಸುತ್ತದೆ.

ಮಾಡುವುದೇನು? ಚೆನ್ನಾಗಿರುವ ಕೈಗೆ ಮೆತ್ತನೆ ಗ್ಲೌಸ್ ಹಾಕಿ, ಸೋತ ಕೈಗೆ ಆಟದ ಅವಕಾಶ ಕೊಡುವ ಒಂದು ವಿಧಾನವಿದೆ. ಹಸುಳೆಗಳಿಗಾಗಿ ಇದನ್ನು ಸ್ವೀಡನ್ನಿನಲ್ಲಿ ರೂಪಿಸಿ ಪರೀಕ್ಷಿಸಿದರು. ಅಲ್ಲಿ ಇಟ್ಟ ಲೆಕ್ಕ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಆರು ದಿನ, ಆರು ವಾರದ ಎರಡು ಕಂತು. ಅರ್ಧ ಗಂಟೆ ಅಂದಾಗ ಅದು ಅರ್ಧ ಗಂಟೆಯೇ. ಬೇಗ ಗುಣವಾಗಲಿ ಅಂತ ಚೆನ್ನಾಗಿರುವ ಕೈಯನ್ನು ದಿನವಿಡೀ ಕಟ್ಟಿಹಾಕಿದ ತಂದೆಯೊಬ್ಬರನ್ನು ಕಂಡಿದ್ದೇನೆ. ಆ ಕೈಯೂ ಇನ್ನೂ ಕಲಿಯುತ್ತಿರುವ ಕೈ, ಅದನ್ನು ಕಟ್ಟಿದರೆ ಎರಡೂ ಹಾಳು. ಥೆರಪಿಸ್ಟ್ ತೋರಿಸಿಕೊಟ್ಟ ಮೇಲೆ ಮಾಡಿ. ಗಿಲಕಿಯನ್ನು ಒಂದು ಗೇಣು ಹತ್ತಿರ ತಂದು, ಬೆರಳು ತಾಗಿದರೂ ಸದ್ದಾಗುವ ಹಾಗೆ ಹಿಡಿಯುವುದು, ಸೋತ ಕೈಗೆ ಗೆಲ್ಲುವ ರುಚಿ ತೋರಿಸುವುದು, ಇವೆಲ್ಲಾ ಕೇಳಲು ಸುಲಭ. ಮಗುವಿನ ಎದುರು ಕೂತಾಗ ಅದರ ತಾಳ್ಮೆ ಮುಗಿಯುವ ಮೊದಲು ನಮ್ಮದು ಮುಗಿಯುತ್ತದೆ.

ನಡೆಯುತ್ತಾನಾ? ನಡೆಯುತ್ತಾನೆ ಅಂತ ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಲ್ಲೆ. ಹೀಗೆ ಒಂದೇ ಬದಿಗೆ ಪೆಟ್ಟಾದ ಮಕ್ಕಳಲ್ಲಿ ಹೆಮಿಪ್ಲೀಜಿಯಾ ಬಂದರೂ ಬಹುತೇಕ ಎಲ್ಲರೂ ಯಾರ ಆಸರೆಯೂ ಇಲ್ಲದೆ ನಡೆಯುತ್ತಾರೆ. ಎರಡು ವರ್ಷದ ಹೊತ್ತಿಗೆ ಹೆಚ್ಚಿನವರು ನಡೆದಾಗಿರುತ್ತದೆ. ಕಾಲಿಗಿಂತ ಕೈಗೇ ತೊಂದರೆ ಜಾಸ್ತಿ. ಕಾಲಿನ ವಿಷಯ ಬರುವುದು ಆಮೇಲೆ, ಮಗು ಸರಸರ ಎತ್ತರ ಬೆಳೆಯುವಾಗ. ಮೂಳೆ ಉದ್ದವಾದಷ್ಟು ಬೇಗ ಬಿಗಿಯಾದ ಸ್ನಾಯು ಉದ್ದವಾಗುವುದಿಲ್ಲ, ಹಿಮ್ಮಡಿ ನೆಲದಿಂದ ಮೇಲೇಳುತ್ತದೆ. ಒಂದು ಕಾಲಿನ ಚಪ್ಪಲಿ ಮುಂಭಾಗದಲ್ಲೇ ಸವೆದಿದ್ದರೆ ಅದೇ ಮೊದಲ ಸುಳಿವು.

ಫಿಟ್ಸ್ ಬಗ್ಗೆ. ಹುಟ್ಟಿದ ವಾರದಲ್ಲಿ ಬಂದದ್ದು ಆಗಷ್ಟೇ ಆದ ಪೆಟ್ಟಿನ ಪ್ರತಿಕ್ರಿಯೆ. ಅದು ನಿಂತ ಮೇಲೆ ಔಷಧಿಯನ್ನು ಎಳೆಯಬೇಕಿಲ್ಲ ಅನ್ನುವುದೇ ಈಗಿನ ಪದ್ಧತಿ, ನಿಲ್ಲಿಸಿದ್ದಕ್ಕೆ ಹೆದರಬೇಡಿ. ಮುಂದೆ ಅಪಸ್ಮಾರವಾಗಿ ಮರಳುವುದು ಕೆಲವರಲ್ಲಿ ಮಾತ್ರ. ಎಷ್ಟು ಜನರಲ್ಲಿ ಅನ್ನುವುದು ಎಷ್ಟು ವರ್ಷ ಗಮನಿಸುತ್ತೇವೆ ಅನ್ನುವುದರ ಮೇಲಿದೆ. ಹತ್ತು ವರ್ಷ ಸುಮ್ಮನಿದ್ದು ಬಂದದ್ದನ್ನೂ ನೋಡಿದ್ದೇನೆ.

ಆದರೆ ಒಂದು ಬಗೆಯದನ್ನು ನೀವು ಈಗಲೇ ಗುರುತಿಟ್ಟುಕೊಳ್ಳಬೇಕು, ಯಾಕೆಂದರೆ ನಿಮ್ಮ ಮಗ ಆ ವಯಸ್ಸಿಗೆ ಕಾಲಿಡುತ್ತಿದ್ದಾನೆ. ಮೂರರಿಂದ ಹನ್ನೆರಡು ತಿಂಗಳೊಳಗೆ ಬರುವ ಇದರ ಹೆಸರು ಇನ್‌ಫೆಂಟೈಲ್ ಸ್ಪಾಸಮ್. ನೋಡಲು ಫಿಟ್ಸ್ ಥರ ಇರುವುದೇ ಇಲ್ಲ. ಮಗು ನಿದ್ದೆಯಿಂದ ಎದ್ದಿದೆ. ತಟ್ಟನೆ ತಲೆ ಮುಂದಕ್ಕೆ ಬಾಗುತ್ತದೆ, ಎರಡೂ ಕೈ ಬೆಚ್ಚಿದ ಹಾಗೆ ಅಗಲವಾಗುತ್ತವೆ, ಒಂದೆರಡು ಸೆಕೆಂಡ್, ಅಷ್ಟೇ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಮತ್ತೆ. ಹೀಗೆ ಹತ್ತು ಇಪ್ಪತ್ತು ಸಲ ಸಾಲಾಗಿ. ನಡುವೆ ಮಗು ಅಳಬಹುದು. ಹೊಟ್ಟೆನೋವು, ಗ್ಯಾಸು ಅಂದುಕೊಂಡು ವಾರಗಟ್ಟಲೆ ಕಳೆದವರಿದ್ದಾರೆ. ಜೊತೆಗೆ ಮಗು ಮೊದಲಿನಷ್ಟು ನಗುವುದಿಲ್ಲ, ಮುಖ ನೋಡುವುದಿಲ್ಲ. ಇಂಥದ್ದು ಕಂಡರೆ ಫೋನಿನಲ್ಲಿ ವಿಡಿಯೋ ತೆಗೆದು ಅವತ್ತೇ ಡಾಕ್ಟರಿಗೆ ತೋರಿಸಿ, ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ, ಮಾಡಿಸಿ. ಮುಂದಿನ ತಿಂಗಳ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಇದಕ್ಕೆ ಒಳ್ಳೆಯ ಔಷಧಿಗಳಿವೆ, ಆದರೆ ತಡವಾದಷ್ಟೂ ಮಗುವಿನ ಬೆಳವಣಿಗೆಗೆ ಪೆಟ್ಟು.

ಇದೇ ಸಾಲಿನಲ್ಲಿ, ವಾಪಸ್ ಒಯ್ಯುವ ಕೊಳವೆ ಕಟ್ಟಿ ಥಲಾಮಸ್ ಅನ್ನುವ ನಡುಭಾಗದಲ್ಲಿ ರಕ್ತ ಸೋರಿದ ಮಕ್ಕಳ ತಂದೆತಾಯಿಗಳಿಗೆ ಒಂದು ಮಾತು. ಈ ಮಕ್ಕಳಲ್ಲಿ ಕೆಲವರಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲಿ, ಹೊರಗೆ ಫಿಟ್ಸ್ ಕಾಣದೆಯೇ, ನಿದ್ದೆಯಲ್ಲಿ ಮೆದುಳಿನೊಳಗೆ ವಿದ್ಯುತ್ತಿನ ಗಲಾಟೆ ಶುರುವಾಗುತ್ತದೆ. ಹಗಲಲ್ಲಿ ಕಾಣುವುದು ಏನು? ಬರುತ್ತಿದ್ದ ಮಗ್ಗಿ ಮರೆತಿದೆ, ಮಾತು ಕಡಿಮೆಯಾಗಿದೆ, ಹಠ ಹೆಚ್ಚಿದೆ. ಎಲ್ಲರೂ ಸೋಮಾರಿತನ ಅಂದುಕೊಳ್ಳುತ್ತಾರೆ. ಕಲಿತದ್ದು ಕಳೆದುಹೋಗುತ್ತಿದ್ದರೆ ನಿದ್ದೆಯಲ್ಲಿ ಇಇಜಿ ಮಾಡಿ ಅಂತ ನೀವಾಗಿ ಕೇಳಿ. ಎಚ್ಚರವಿದ್ದಾಗ ಮಾಡಿದ ಇಇಜಿಯಲ್ಲಿ ಇದು ತಪ್ಪಿಹೋಗಬಹುದು. ಅಂಥ ಮಕ್ಕಳಿಗೆ ಮೊದಲ ತಿಂಗಳುಗಳಲ್ಲಿ ತಲೆಯ ಸುತ್ತಳತೆಯನ್ನೂ ಅಳೆಯುತ್ತಿರಬೇಕು, ಸೋರಿದ ರಕ್ತ ಮೆದುಳಿನ ನೀರಿನ ದಾರಿಗೆ ಅಡ್ಡ ಬಂದು ತಲೆ ಬೇಗ ದೊಡ್ಡದಾಗುವುದುಂಟು.

ಮಾತು ಬರುತ್ತದಾ ಅಂತ ಕೇಳಿದಿರಿ. ಎಡ ಮೆದುಳಿಗೆ ಪೆಟ್ಟು ಅಂದ ತಕ್ಷಣ ಮಾತು ಹೋಯಿತು ಅಂದುಕೊಳ್ಳುತ್ತೇವೆ, ಅಲ್ವಾ? ಅರವತ್ತರ ವಯಸ್ಸಿನವರಿಗೆ ಇದೇ ಜಾಗದಲ್ಲಿ ಇಷ್ಟೇ ದೊಡ್ಡ ಸ್ಟ್ರೋಕ್ ಆದರೆ ಮಾತು ನಿಂತೇ ಹೋಗಬಹುದು. ಹಸುಳೆಯಲ್ಲಿ ಮಾತಿನ ಕೆಲಸವನ್ನು ಬಲ ಮೆದುಳು ವಹಿಸಿಕೊಳ್ಳಬಲ್ಲದು. ನಾವು ನೋಡುವ ಮಕ್ಕಳಲ್ಲಿ ಬಹುಪಾಲು ಮಾತಾಡುತ್ತಾರೆ, ಚೆನ್ನಾಗಿಯೇ ಮಾತಾಡುತ್ತಾರೆ. ಮೊದಲ ಪದಗಳು ಸ್ವಲ್ಪ ತಡವಾಗಬಹುದು. ಎಡವುವುದು ಮುಂದೆ, ಮಾತು ಉದ್ದವಾದಾಗ. ‘ನಿನ್ನೆ ಏನಾಯಿತು ಹೇಳು’ ಅಂದರೆ ಮೊದಲು ಕೊನೆ ಕಲಸಿ ಹೇಳುವುದು, ಉದ್ದ ವಾಕ್ಯ ಅರ್ಧಕ್ಕೆ ಬಿಡುವುದು, ಹೀಗೆ.

ನಿಮಗೆ ಅಂಕಿ ಬೇಕು ಅಂತ ಗೊತ್ತು. ಫ್ರಾನ್ಸಿನಲ್ಲಿ ನಿಮ್ಮ ಮಗನ ಹಾಗೆಯೇ ದಿನ ತುಂಬಿ ಹುಟ್ಟಿ, ತರುವ ಕೊಳವೆ ಕಟ್ಟಿಕೊಂಡ ಮಕ್ಕಳನ್ನು ಏಳು ವರ್ಷದವರೆಗೆ ಗಮನಿಸಿದ ಅಧ್ಯಯನವಿದೆ. ಏಳನೇ ವಯಸ್ಸಿಗೆ ಸುಮಾರು ಮೂರರಲ್ಲಿ ಒಂದು ಮಗುವಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ಪೆಟ್ಟಿನಿಂದ ಕೈಕಾಲಿನ ಚಲನೆಗೆ ಬರುವ ತೊಂದರೆ, ಇತ್ತು, ಅವರೂ ನಡೆಯುತ್ತಿದ್ದರು. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಭಾಷೆಯಲ್ಲಿ ಒಂದಲ್ಲ ಒಂದು ಕೊರತೆ ಕಂಡಿತು. ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳು ಓದು ಬರಹ ಲೆಕ್ಕದಲ್ಲಿ ಹಿಂದಿದ್ದರು. ಅಪಸ್ಮಾರ ಇದ್ದದ್ದು ನೂರಕ್ಕೆ 11ರಷ್ಟು ಮಕ್ಕಳಿಗೆ. ಒಟ್ಟಾರೆ ಬುದ್ಧಿಶಕ್ತಿಯೇ ಕಡಿಮೆ ಇದ್ದವರು ನೂರಕ್ಕೆ 8. ಇವು ಬೇರೆ ಬೇರೆ ಗುಂಪುಗಳಲ್ಲ, ಒಂದೇ ಮಗುವಿನಲ್ಲಿ ಎರಡು ಮೂರು ಸೇರಿಕೊಂಡಿರಬಹುದು. ಏನೂ ಇಲ್ಲದ ಮಕ್ಕಳೂ ಇದ್ದರು. ಈ ಅಂಕಿಗಳನ್ನು ನಿಮ್ಮ ಮಗನ ಹಣೆಬರಹ ಅಂತ ಓದಬೇಡಿ. ಅವನ ಸ್ಕ್ಯಾನಿನಲ್ಲಿ ಪೆಟ್ಟು ಎಲ್ಲೆಲ್ಲಿದೆ ಅನ್ನುವುದು ಇದಕ್ಕಿಂತ ಹೆಚ್ಚು ಹೇಳುತ್ತದೆ.

ನನಗೆ ಹೆಚ್ಚು ಚಿಂತೆ ತರುವುದು ಇದಾದ ಮೇಲಿನ ಭಾಗ, ಅಂದರೆ ಶಾಲೆ. ಎರಡು ವರ್ಷಕ್ಕೆ ಮಗು ಓಡಾಡಿಕೊಂಡು, ಮಾತಾಡಿಕೊಂಡು ಇದ್ದರೆ ‘ಎಲ್ಲಾ ಸರಿಹೋಯಿತು’ ಅಂತ ಫೈಲು ಮುಚ್ಚುತ್ತಾರೆ. ಹೀಗೆ ಫೈಲು ಮುಚ್ಚಿದ ಹುಡುಗಿಯೊಬ್ಬಳು ಎಂಟನೇ ವಯಸ್ಸಿಗೆ ನನ್ನ ಹತ್ತಿರ ಬಂದಳು. ಚೂಟಿ, ಪಟಪಟ ಓದುತ್ತಾಳೆ. ಶಿಕ್ಷಕರ ದೂರು: ‘ಬುದ್ಧಿ ಇದೆ, ಗಮನ ಇಲ್ಲ.’ ನಾನು ನಾಲ್ಕು ಅಂಕಿ ಹೇಳಿ ಹಿಂದಿನಿಂದ ಹೇಳು ಅಂದೆ. ಎರಡಕ್ಕೇ ನಿಂತಳು. ಒಂದು ಚೌಕದೊಳಗೆ ಗೆರೆಗಳಿರುವ ಚಿತ್ರ ಕೊಟ್ಟು ನೋಡಿ ಬರೆ ಅಂದೆ. ಒಂದೊಂದು ಗೆರೆಯೂ ಸರಿಯಾಗಿದೆ, ಆದರೆ ಎಲ್ಲವೂ ಎಲ್ಲೆಲ್ಲೋ ಕೂತಿವೆ, ಚೌಕ ಮಾತ್ರ ಇಲ್ಲ. ಲೆಕ್ಕದ ಪುಸ್ತಕದಲ್ಲೂ ಅದೇ ಕಥೆ, ಬಿಡಿ ಹತ್ತು ನೂರು ಒಂದರ ಕೆಳಗೊಂದು ಕೂರುತ್ತಿರಲಿಲ್ಲ. ಅವಳಿಗೂ ಸ್ಟ್ರೋಕ್ ಆದದ್ದು ಎಡಕ್ಕೆ. ಮಾತನ್ನು ಬಲಭಾಗ ವಹಿಸಿಕೊಂಡಾಗ, ಅಲ್ಲಿ ಮೊದಲೇ ಇರಬೇಕಿದ್ದ ಜಾಗ, ಆಕಾರ, ಅಂತರದ ಕೆಲಸಕ್ಕೆ ಇಕ್ಕಟ್ಟಾಗುತ್ತದೆ. ಒಂದೇ ಕೋಣೆಯಲ್ಲಿ ಎರಡು ಸಂಸಾರ ಇದ್ದ ಹಾಗೆ. ಅವಳಿಗೆ ಚೌಕುಳಿ ಹಾಳೆ, ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚು ಸಮಯ, ಒಂದು ಸಲಕ್ಕೆ ಒಂದೇ ಸೂಚನೆ ಕೊಡುವ ಶಿಕ್ಷಕರು, ಇಷ್ಟು ಸಿಕ್ಕಿದ್ದೇ ಮನೆಯಲ್ಲಿ ಸಂಜೆಯ ಅಳು ನಿಂತಿತು.

ಕೆನಡಾದ ಟೊರೊಂಟೊದಲ್ಲಿ ಮಾಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಹುಟ್ಟಿದಾಗ ಒಂದು ಬದಿಗೆ ಸ್ಟ್ರೋಕ್ ಆದ ಮಕ್ಕಳನ್ನು ಶಾಲೆಗೆ ಸೇರುವ ಮುನ್ನ ಪರೀಕ್ಷಿಸಿದಾಗ ಅವರು ಓರಗೆಯವರ ಸಮಕ್ಕೇ ಇದ್ದರು. ಅದೇ ಮಕ್ಕಳನ್ನು ಶಾಲೆಯ ವಯಸ್ಸಿನಲ್ಲಿ ಮತ್ತೆ ನೋಡಿದಾಗ ಹಿಂದೆ ಬಿದ್ದಿದ್ದರು. ಕಲಿತದ್ದನ್ನು ಕಳೆದುಕೊಂಡದ್ದಲ್ಲ. ಬೇರೆ ಮಕ್ಕಳು ವೇಗ ಹೆಚ್ಚಿಸಿಕೊಂಡರು, ಇವರಿಗೆ ಅಷ್ಟು ಆಗಲಿಲ್ಲ.

‘ಚಿಕ್ಕ ವಯಸ್ಸಿನ ಪೆಟ್ಟು ಬೇಗ ಮಾಗುತ್ತದೆ’ ಅನ್ನುವ ನಂಬಿಕೆ ವೈದ್ಯರಲ್ಲೂ ಇದೆ. ಇದರ ಮೂಲ ಅಮೆರಿಕದ ಮಾರ್ಗರೆಟ್ ಕೆನಾರ್ಡ್ 1930ರ ದಶಕದಲ್ಲಿ ಮಂಗಗಳ ಮೇಲೆ ಮಾಡಿದ ಪ್ರಯೋಗಗಳು. ಮರಿಗಳಿಗೆ ಆದ ಮೆದುಳಿನ ಪೆಟ್ಟು ದೊಡ್ಡ ಮಂಗಗಳಿಗಿಂತ ಚೆನ್ನಾಗಿ ಸುಧಾರಿಸುವುದನ್ನು ಆಕೆ ಕಂಡರು. ತಮಾಷೆ ಏನೆಂದರೆ, ಆ ಮರಿಗಳು ಬೆಳೆದಂತೆ ಕೆಲವು ಕೊರತೆಗಳು ತಡವಾಗಿ ಹೊರಬಂದದ್ದನ್ನೂ ಆಕೆಯೇ ಬರೆದಿಟ್ಟಿದ್ದರು. ಮೊದಲರ್ಧ ಮಾತ್ರ ಎಲ್ಲರ ಬಾಯಲ್ಲಿ ಉಳಿಯಿತು.

ಹಾಗಾಗಿ ಮೂರೂವರೆ ನಾಲ್ಕು ವರ್ಷಕ್ಕೊಮ್ಮೆ, ಶಾಲೆಗೆ ಸೇರುವಾಗೊಮ್ಮೆ, ಎಂಟು ವರ್ಷದ ಹೊತ್ತಿಗೊಮ್ಮೆ ಮನಃಶಾಸ್ತ್ರಜ್ಞರಿಂದ ಕಲಿಕೆಯ ಪರೀಕ್ಷೆ ಮಾಡಿಸಿ, ಮಗ ಎಷ್ಟೇ ಚುರುಕಾಗಿ ಕಂಡರೂ. ಕಣ್ಣಿನದೂ ಒಂದು ಸಲ ನೋಡಿಸಿ. ಸ್ಟ್ರೋಕ್ ಹಿಂಭಾಗಕ್ಕೆ ಚಾಚಿದ್ದರೆ ಎರಡೂ ಕಣ್ಣಿನಲ್ಲಿ ಬಲಗಡೆಯ ನೋಟ ಮಸಕಾಗಿರಬಹುದು, ಮಗು ಅದನ್ನು ಹೇಳುವುದಿಲ್ಲ, ಬಾಗಿಲಿಗೆ ಬಲ ಹೆಗಲು ತಾಗಿಸಿಕೊಳ್ಳುತ್ತಿರುತ್ತದೆ.

ನೀವು ಕೇಳದೆ ಬಿಟ್ಟ ಎರಡು ಚಿಕ್ಕ ವಿಷಯ. ಲಸಿಕೆಗಳನ್ನು ಸ್ಟ್ರೋಕಿನ ಕಾರಣಕ್ಕೆ ನಿಲ್ಲಿಸಬೇಡಿ. ಇನ್ನೊಂದು ಮಗು ಬೇಕು ಅನ್ನಿಸಿದರೆ ಹೆದರಬೇಡಿ, ಅದಕ್ಕೂ ಹೀಗಾಗುವುದು ತೀರಾ ಅಪರೂಪ. ಹೆರಿಗೆ ಡಾಕ್ಟರಿಗೆ ಮಾತ್ರ ಮೊದಲೇ ತಿಳಿಸಿ.

ಈಗ ಈ ವಾರದ ಕೆಲಸ. ಮೂರರಿಂದ ಐದು ತಿಂಗಳ ನಡುವೆ ಮಕ್ಕಳ ಮೈಯಲ್ಲಿ ಒಂದು ವಿಶೇಷ ಚಲನೆ ಇರುತ್ತದೆ. ಕತ್ತು, ಮಣಿಕಟ್ಟು, ಸೊಂಟ, ಪಾದ, ಎಲ್ಲಾ ಕಡೆ ಸಣ್ಣಸಣ್ಣಗೆ, ಕುಣಿದ ಹಾಗೆ, ನಿಲ್ಲದೆ. ಅದು ಇದೆಯಾ, ಎರಡೂ ಬದಿಯಲ್ಲಿ ಸಮನಾಗಿದೆಯಾ ಅನ್ನುವುದನ್ನು ತರಬೇತಿ ಪಡೆದವರು ವಿಡಿಯೋ ನೋಡಿಯೇ ಹೇಳುತ್ತಾರೆ. ನಿಮ್ಮ ಮಗ ಈಗ ಸರಿಯಾಗಿ ಆ ವಯಸ್ಸಿನಲ್ಲಿದ್ದಾನೆ, ಇನ್ನೊಂದು ತಿಂಗಳಲ್ಲಿ ಆ ಚಲನೆ ತಾನಾಗಿ ಮಾಯವಾಗುತ್ತದೆ. ಹಾಲು ಕುಡಿದು ಖುಷಿಯಾಗಿ ಎಚ್ಚರವಿರುವ ಹೊತ್ತು ನೋಡಿ ಅಂಗಾತ ಮಲಗಿಸಿ. ಕೈಕಾಲು ಕಾಣುವ ಹಾಗೆ ತೆಳ್ಳನೆ ಬಟ್ಟೆ ಇರಲಿ. ಗಿಲಕಿ ಬೇಡ, ನಿಪ್ಪಲ್ ಬೇಡ, ಮಾತಾಡಿಸುವುದೂ ಬೇಡ. ಕಾಲಿನ ಕಡೆ ನಿಂತು, ಇಡೀ ಮೈ ಚೌಕಟ್ಟಿನೊಳಗೆ ಬರುವ ಹಾಗೆ, ನಾಲ್ಕೈದು ನಿಮಿಷ ಅಲುಗಾಡಿಸದೆ ವಿಡಿಯೋ ತೆಗೆಯಿರಿ. ಅಳಲು ಶುರು ಮಾಡಿದರೆ ಅಲ್ಲಿಗೇ ನಿಲ್ಲಿಸಿ, ಎತ್ತಿಕೊಳ್ಳಿ, ನಾಳೆ ಮತ್ತೆ ತೆಗೆಯಬಹುದು.